ಏಳೂವರೆಯ ದೋಸೆ, ಹನ್ನೊಂದೂಕಾಲಿನ ದೋಸೆ

ಬೆಂಗಳೂರಿನ ದಕ್ಷಿಣ ಭಾಗದ ಒಂದು ಬಡಾವಣೆ, ಮೂಲೆ ಸೈಟಿನಲ್ಲೊಂದು ದರ್ಶಿನಿ. ಟೋಕನ್ ತಗೊಂಡು, ನಿಂತು ತಿನ್ನುವ ಹೋಟೆಲು. ಮಸಾಲೆ ದೋಸೆಗೆ 70 ರೂಪಾಯಿ. ಒಂದೇ ವಾರಾಂತ್ಯದಲ್ಲಿ ಅಲ್ಲಿ ಮಸಾಲೆ ದೋಸೆ ತಿಂದ ಮೂವರು ಮೂರು ಥರ ಅಭಿಪ್ರಾಯ ಬರೆದರು. ಮೊದಲನೆಯವರು: "ಗರಿಗರಿ, ಹೊಂಬಣ್ಣ, ಈ ಕಡೆ ಇದಕ್ಕಿಂತ ಒಳ್ಳೇ ದೋಸೆ ಇಲ್ಲ." ಎರಡನೆಯವರು: "ಬಿಳಿಚಿಕೊಂಡ ದೋಸೆ. ಹುಳಿ, ಮೆತ್ತಗೆ." ಮೂರನೆಯವರು: "ಚರ್ಮ ಜಗಿದ ಹಾಗಿತ್ತು, ದುಡ್ಡು ದಂಡ." ಮಾಲೀಕರು ಮೊದಲನೆಯದನ್ನು ಪ್ರಿಂಟ್ ಹಾಕಿಸಿ ಗಲ್ಲಾದ ಹಿಂದೆ ಅಂಟಿಸಿದರು. ಉಳಿದೆರಡು ಎದುರು ಸಾಲಿನ ಹೋಟೆಲಿನವರು ಬರೆಸಿದ್ದು ಎಂದೇ ನಂಬಿದರು.

ಹೋಟೆಲಿನ ಹೆಸರು ಬೇಡ. ಇಂಥ ಹೋಟೆಲು ಊರಿನ ಪ್ರತಿ ಬಡಾವಣೆಯಲ್ಲೂ ಇದೆ. ಹಲವು ದರ್ಶಿನಿಗಳ ಅಡುಗೆಮನೆಯಲ್ಲಿ ಮತ್ತೆ ಮತ್ತೆ ಆಗುವುದನ್ನೇ ಇಲ್ಲಿ ಒಂದೇ ಹೋಟೆಲಿನ ಪ್ರಕರಣವಾಗಿ ಜೋಡಿಸಿದೆ. ನೋಡಬೇಕಾದ ವಿಷಯ ಇಷ್ಟು: ಮೂವರೂ ಸುಳ್ಳು ಬರೆದಿಲ್ಲ. ಮೂವರೂ ಒಂದೇ ಸಂಗತಿ ಬಿಟ್ಟಿದ್ದಾರೆ, ಅದು ಹೊತ್ತು. ಮೊದಲನೆಯವರು ತಿಂದದ್ದು ಶನಿವಾರ ಬೆಳಗ್ಗೆ ಏಳೂವರೆಗೆ, ಕಾವಲಿಯ ಎದುರೇ ನಿಂತು. ಎರಡನೆಯವರು ಭಾನುವಾರ ಹನ್ನೊಂದೂಕಾಲಿಗೆ. ಮೂರನೆಯವರು ಭಾನುವಾರ ಸಂಜೆ ಪಾರ್ಸೆಲ್ ತರಿಸಿ, ಕಟ್ಟಿದ 25 ನಿಮಿಷದ ಮೇಲೆ ಬಿಚ್ಚಿದರು. ಈ ಒಂದು ಸಾಲು ಸೇರಿದ್ದರೆ ಮೂರು ಜಗಳ ಇರುತ್ತಿರಲಿಲ್ಲ, ಒಂದು ಹೋಟೆಲಿನ ಪೂರ್ತಿ ಚಿತ್ರ ಸಿಗುತ್ತಿತ್ತು.

ಭಾನುವಾರ ಕೌಂಟರಿನ ಬಳಿ ನಿಂತ ಗಿರಾಕಿಯೊಬ್ಬರು ದೋಸೆ ಹುಯ್ಯುವವರನ್ನು ನೇರವಾಗಿ ಕೇಳಿದ್ದರು: "ಭಟ್ರೇ, ಬೆಳಗ್ಗೆ ಇದ್ದ ಬಣ್ಣ ಈಗ ಯಾಕಿಲ್ಲ?" ಭಟ್ಟರು ಮುಚ್ಚಿಡಲಿಲ್ಲ. "ಹಿಟ್ಟು ಹುಳಿ ಬಂದಿದೆ ಸಾರ್, ಎರಡನೇ ಕೊಳಗ ಇದು. ನಾಳೆ ಬೇಗ ಬನ್ನಿ, ಮಾಡ್ಕೊಡ್ತೀನಿ." ಇಡೀ ಪ್ರಕರಣದ ಬೇರು ಈ ಮಾತಿನಲ್ಲಿದೆ.

ಎರಡನೇ ಕೊಳಗ

ವಾರದ ದಿನಗಳಲ್ಲಿ ಈ ಹೋಟೆಲಿನ ದೋಸೆ ಹಿಟ್ಟು ಹತ್ತು ಗಂಟೆಯೊಳಗೆ ಖಾಲಿ. ಆಮೇಲೆ ರೈಸ್ ಬಾತು, ಊಟ. ಭಾನುವಾರ ಮಾತ್ರ ಜನ ಹೆಚ್ಚುವುದೇ ಒಂಬತ್ತೂವರೆ ಮೇಲೆ, ಹನ್ನೆರಡರವರೆಗೂ ದೋಸೆಗೇ ನಿಲ್ಲುತ್ತಾರೆ. ಅದಕ್ಕಾಗಿ ಶನಿವಾರ ಸಂಜೆ ಎರಡರಷ್ಟು ರುಬ್ಬುತ್ತಾರೆ: ದೋಸೆ ಅಕ್ಕಿ 12 ಕೆಜಿ, ಉದ್ದಿನಬೇಳೆ 3 ಕೆಜಿ, ಅವಲಕ್ಕಿ 1 ಕೆಜಿ, ಕಡ್ಲೆಬೇಳೆ 300 ಗ್ರಾಂ, ಮೆಂತ್ಯ 150 ಗ್ರಾಂ. ಕಡ್ಲೆಬೇಳೆ ಮತ್ತು ಮೆಂತ್ಯ ಬಣ್ಣಕ್ಕೆ, ಅವಲಕ್ಕಿ ಒಳಗಿನ ಮೃದುವಿಗೆ. ಐದು ಗಂಟೆ ನೆನೆದದ್ದನ್ನು ಆರು ಗಂಟೆಯ ಹೊತ್ತಿಗೆ ಗ್ರೈಂಡರಿಗೆ ಹಾಕುತ್ತಾರೆ. ಉದ್ದನ್ನು ತಣ್ಣೀರು ಚಿಮುಕಿಸುತ್ತಾ ಅರ್ಧ ಗಂಟೆ ತಿರುವಬೇಕು. ಕಲ್ಲು ಬಿಸಿಯಾದರೆ ಹಿಟ್ಟು ಉಬ್ಬುವುದಿಲ್ಲ. ಒಂದು ಲೋಟ ನೀರಿಗೆ ಒಂದು ತೊಟ್ಟು ಉದ್ದಿನ ಹಿಟ್ಟು ಬಿಟ್ಟಾಗ ತೇಲಿದರೆ ಸರಿಯಾಗಿ ರುಬ್ಬಿದೆ ಎಂದು ಲೆಕ್ಕ. ಅಕ್ಕಿ ಹಿಟ್ಟು ಸ್ವಲ್ಪ ತರಿ ಇರಬೇಕು, ಪೂರ್ತಿ ನುಣ್ಣಗಾದರೆ ದೋಸೆ ಗರಿ ಬರುವುದಿಲ್ಲ. ಎಲ್ಲ ಸೇರಿ 38 ಕೆಜಿ ಆಸುಪಾಸು ಹಿಟ್ಟು. ದೋಸೆಗೆ 110 ಗ್ರಾಂ ಹಿಡಿದರೆ ಮುನ್ನೂರೈವತ್ತರ ಹತ್ತಿರ ದೋಸೆ.

ಈ ಹಿಟ್ಟನ್ನು ಎರಡು ಕೊಳಗಕ್ಕೆ ಹಂಚಿ ಮುಚ್ಚುತ್ತಾರೆ. ಹುದುಗಿಗೆ ಹೊರಗಿನ ಯೀಸ್ಟ್ ಬೇಕಿಲ್ಲ. ಬೇಳೆಯ ಜೊತೆಗೇ ಬರುವ ಲ್ಯೂಕೊನೊಸ್ಟಾಕ್ ಮೊದಲಾದ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಅನಿಲ ಬಿಡುತ್ತವೆ, ಹಿಟ್ಟು ಉಬ್ಬುತ್ತದೆ. ಹೊತ್ತು ಕಳೆದಂತೆ ಲ್ಯಾಕ್ಟೊಬ್ಯಾಸಿಲಸ್ ಜಾತಿಯವು ಮೇಲುಗೈಯಾಗಿ ಹುಳಿ ಏರಿಸುತ್ತವೆ. 28–30 ಡಿಗ್ರಿ ಸೆಖೆಯಲ್ಲಿ ಎಂಟರಿಂದ ಹತ್ತು ತಾಸಿಗೆ ಹದ. ಅಂದರೆ ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಎರಡೂ ಕೊಳಗ ಸಿದ್ಧ. ಆರಕ್ಕೆ ಮೊದಲ ಕೊಳಗ ಕಾವಲಿಯ ಪಕ್ಕ ಬರುತ್ತದೆ, ಒಂಬತ್ತೂವರೆಗೆ ಮುಗಿಯುತ್ತದೆ. ಅಷ್ಟು ಹೊತ್ತೂ ಎರಡನೆಯದು ಒಲೆಯ ಬಳಿ, ಉರಿಯ ಬಿಸಿಯಲ್ಲೇ ಕೂತಿರುತ್ತದೆ. ಫ್ರಿಜ್ಜಿನಲ್ಲಿ ಜಾಗ ಇಲ್ಲ; ಹಾಲಿನ ಪ್ಯಾಕೆಟ್ಟು, ಹಿಂದಿನ ರಾತ್ರಿಯೇ ಮಾಡಿಟ್ಟ ಆಲೂಗೆಡ್ಡೆ ಪಲ್ಯ ಅಲ್ಲಿದೆ. ಹನ್ನೊಂದೂಕಾಲಿಗೆ ಆ ಹಿಟ್ಟಿನ ವಯಸ್ಸು ಹದಿನೇಳು ತಾಸು.

ಹದಿನೇಳು ತಾಸಿನ ಹಿಟ್ಟು ಬಿಳಿಯಾಗುವುದು ಯಾಕೆ? ದೋಸೆಯ ಹೊಂಬಣ್ಣ ಬರುವುದು ಹಿಟ್ಟಿನ ಸಕ್ಕರೆ ಮತ್ತು ಪ್ರೋಟೀನು ಬಿಸಿಯಲ್ಲಿ ಕೂಡಿದಾಗ. ಬ್ಯಾಕ್ಟೀರಿಯಾ ಸಕ್ಕರೆಯನ್ನು ತಿಂದು ಮುಗಿಸಿವೆ. ಉಳಿದ ಚೂರಿಗೂ ಹುಳಿ ಅಡ್ಡ, ಏಕೆಂದರೆ ಹುಳಿ ಹೆಚ್ಚಿದಷ್ಟೂ ಆ ಕೆಂಪಾಗುವ ಕ್ರಿಯೆ ನಿಧಾನ. ಮೇಲಾಗಿ ಅನಿಲ ಹಾರಿಹೋಗಿ ಹಿಟ್ಟು ಕುಸಿದಿದೆ. ಸೌಟಿನಿಂದ ಸುತ್ತಿದಾಗ ಜೇನುಗೂಡಿನಂಥ ತೂತು ಬೀಳುವುದಿಲ್ಲ, ಮೈ ಬಿಗಿದು ಮೆತ್ತಗೆ ಉಳಿಯುತ್ತದೆ. ಹಾಗಾಗಿ ಎರಡನೆಯವರು ಬರೆದ "ಬಿಳಿ, ಹುಳಿ, ಮೆತ್ತಗೆ" ಎಂಬುದು ಮೂರು ದೂರಲ್ಲ. ಒಂದೇ ಕಾಯಿಲೆಯ ಮೂರು ಲಕ್ಷಣ, ಮತ್ತು ಅವರ ನಾಲಿಗೆ ಮೂರನ್ನೂ ಸರಿಯಾಗಿ ಹಿಡಿದಿದೆ. ಮಾಲೀಕರು ತಳ್ಳಿಹಾಕಿದ ಅಭಿಪ್ರಾಯವೇ ಅವರಿಗೆ ಹೆಚ್ಚು ಉಪಯೋಗದ್ದಾಗಿತ್ತು.

ಭಟ್ಟರ ಕೈಯಲ್ಲಿ ಆ ಹೊತ್ತಿಗೆ ಮೂರು ಮದ್ದಿರುತ್ತವೆ. ಒಂದು ಹಿಡಿ ಸಕ್ಕರೆ ಕಲಸುವುದು: ಬಣ್ಣ ಬರುತ್ತದೆ, ಆದರೆ ಚುಕ್ಕೆ ಚುಕ್ಕೆಯಾಗಿ, ಅಂಚಿನಲ್ಲಿ ಕರಿದಾಗಿ, ಹುಳಿಯ ಹಿಂದೆಯೇ ಸಿಹಿ ತಟ್ಟುತ್ತದೆ. ಚಿರೋಟಿ ರವೆ ಅಥವಾ ಅಕ್ಕಿಹಿಟ್ಟು ಬೆರೆಸುವುದು: ಹುಳಿ ಇಳಿಯುತ್ತದೆ, ದೋಸೆ ಬಿಸ್ಕತ್ತಿನಂತೆ ಮುರಿಯುತ್ತದೆ. ಸೋಡ ಹಾಕುವುದು: ಹುಳಿ ಸತ್ತು ಬಣ್ಣ ಗಾಢ ಕಂದಾಗುತ್ತದೆ, ತೂತು ದಪ್ಪದಪ್ಪ, ನಾಲಿಗೆಯ ಹಿಂದೆ ಸೋಪಿನಂಥ ಒಗರು. ಮೂರರಲ್ಲಿ ಸೋಡವೇ ಕೆಟ್ಟದ್ದು ಎಂಬುದು ನಮ್ಮ ಖಚಿತ ಅಭಿಪ್ರಾಯ, ಏಕೆಂದರೆ ಅದು ಕಣ್ಣಿಗೆ ಚೆನ್ನಾಗಿ ಕಾಣಿಸಿ ಉದ್ದಿನ ರುಚಿಯನ್ನು ಪೂರ್ತಿ ಅಳಿಸುತ್ತದೆ.

ಡಿಸೆಂಬರ್–ಜನವರಿಯಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ. ಬೆಂಗಳೂರಿನ ರಾತ್ರಿ 15–16 ಡಿಗ್ರಿಗೆ ಇಳಿದಾಗ ಹನ್ನೆರಡು ತಾಸಿಗೂ ಹಿಟ್ಟು ಏಳುವುದಿಲ್ಲ. ಆಗ ಬೆಳಗ್ಗೆ ಏಳರ ದೋಸೆ ಬಿಗಿ, ಹಸಿಹಿಟ್ಟಿನ ವಾಸನೆ. ಹತ್ತರ ದೋಸೆಯೇ ಚೆನ್ನ. ಅಭಿಪ್ರಾಯ ಬರೆಯುವವರು ಗಂಟೆಯ ಜೊತೆ ತಿಂಗಳನ್ನೂ ಹಾಕಬೇಕಾದದ್ದು ಇದಕ್ಕೇ.

ಕಾವಲಿ ಮತ್ತು ಸಿಲಿಂಡರ್

ಹಿಟ್ಟಿನದೊಂದೇ ತಪ್ಪಲ್ಲ. ಹೋಟೆಲಿನ ಕಾವಲಿ ಒಂದು ದಪ್ಪ ಕಬ್ಬಿಣದ ಹಲಗೆ, ಸಲಕ್ಕೆ ಹನ್ನೆರಡು ದೋಸೆ. ಪ್ರತಿ ಸುತ್ತಿಗೂ ಭಟ್ಟರು ನೀರು ಚಿಮುಕಿಸಿ ಕಡ್ಡಿ ಪೊರಕೆಯಿಂದ ಗುಡಿಸುವುದು ಬರೀ ಶುಚಿಗಲ್ಲ, ಕಾವು ಅಳೆಯುವುದಕ್ಕೆ. ನೀರ ಹನಿ ಮಣಿಗಳಂತೆ ಉರುಳಿ ಓಡಿದರೆ ಕಾವಲಿ ಅತಿಯಾಗಿ ಕಾದಿದೆ. ಆಗ ಹುಯ್ದರೆ ಹಿಟ್ಟು ಬಿದ್ದಲ್ಲೇ ಕಚ್ಚಿ ಸೌಟಿನ ಹಿಂದೆ ಗಂಟಾಗಿ ಎದ್ದು ಬರುತ್ತದೆ. ಹನಿ ಬಿದ್ದು ಚುಂಯ್ ಎಂದು ಒಂದೆರಡು ಕ್ಷಣದಲ್ಲಿ ಆರಿದರೆ ಹದ. ಬಿದ್ದ ಹನಿ ಸುಮ್ಮನೆ ಹರಡಿ ನಿಧಾನವಾಗಿ ಆವಿಯಾದರೆ ಕಾವು ಸಾಲದು. ಹುಯ್ದ ದೋಸೆ ಹುರಿಯುವುದಿಲ್ಲ, ಬೇಯುತ್ತದೆ.

ಹನ್ನೆರಡು ದೋಸೆಯ ಹಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಆ ನೀರು ಆವಿಯಾಗುತ್ತಾ ಕಾವಲಿಯ ಕಾವನ್ನು ಹೀರುತ್ತದೆ. ಎಬ್ಬಿಸಿದ ಮೇಲೆ ಒಂದು ನಿಮಿಷ ಬಿಟ್ಟರೆ ಕಾವು ಮರಳುತ್ತದೆ. ಭಾನುವಾರ ಹನ್ನೊಂದಕ್ಕೆ ಎದುರು ಮೂವತ್ತು ಟೋಕನ್ ಇದ್ದಾಗ ಆ ಒಂದು ನಿಮಿಷ ಸಿಗುವುದಿಲ್ಲ.

ಇದಕ್ಕೆ ಗ್ಯಾಸೂ ಸೇರುತ್ತದೆ. ಹೋಟೆಲಿನ 19 ಕೆಜಿ ಸಿಲಿಂಡರಿನಲ್ಲಿರುವುದು ದ್ರವ. ಅದು ಅನಿಲವಾಗಬೇಕಾದರೆ ಸಿಲಿಂಡರಿನ ಮೈಯಿಂದಲೇ ಶಾಖ ಎಳೆಯುತ್ತದೆ. ದೊಡ್ಡ ಬರ್ನರುಗಳು ನಾಲ್ಕೈದು ತಾಸು ಬಿಡದೆ ಉರಿದರೆ ಸಿಲಿಂಡರು ತಣ್ಣಗಾಗುತ್ತದೆ, ಹೊರಮೈಯಲ್ಲಿ ಮೊದಲು ಬೆವರು, ಆಮೇಲೆ ದ್ರವದ ಮಟ್ಟದವರೆಗೆ ಬಿಳಿ ಹಿಮದ ಪಟ್ಟಿ. ಒತ್ತಡ ಇಳಿದು ಉರಿ ಸಣ್ಣದಾಗುತ್ತದೆ. ಕೆಲಸದ ಹುಡುಗರು ಸಿಲಿಂಡರಿಗೆ ಒದ್ದೆ ಗೋಣಿ ಸುತ್ತುವುದೋ ಅಲ್ಲಾಡಿಸುವುದೋ ಮಾಡುತ್ತಾರೆ, ಪ್ರಯೋಜನ ಕಡಿಮೆ. ಈ ಹೋಟೆಲಿನಲ್ಲಿ ಎರಡು ಸಿಲಿಂಡರ್ ಜೋಡಿಸಿ ಕಾವಲಿ, ಇಡ್ಲಿ ಸ್ಟೀಮರ್, ಸಾಂಬಾರಿನ ಒಲೆ ಮೂರನ್ನೂ ಅದರಿಂದಲೇ ಉರಿಸುತ್ತಿದ್ದರು. ಹನ್ನೊಂದೂಕಾಲಿಗೆ ಹುಳಿ ಹಿಟ್ಟು, ಅದರ ಕೆಳಗೆ ಸೋತ ಉರಿ, ಎರಡೂ ಕೂಡಿದವು.

ತಟ್ಟೆಯಲ್ಲಿ ಕಾರಣ ಓದುವ ಬಗೆ

ಗಿರಾಕಿಗೆ ಅಡುಗೆಮನೆ ಕಾಣುವುದಿಲ್ಲ. ಆದರೂ ತಟ್ಟೆ ಬಹಳಷ್ಟು ಹೇಳುತ್ತದೆ. ದೋಸೆ ಬಂದ ಕೂಡಲೆ ಅಂಚಿನ ಒಂದು ಚೂರು ಮುರಿದು ಚಟ್ನಿ ಸಾಂಬಾರು ಏನೂ ಇಲ್ಲದೆ ಬಾಯಿಗೆ ಹಾಕಿ. ಹಿಟ್ಟಿನ ರುಚಿ ಅಲ್ಲೇ ಗೊತ್ತಾಗುವುದು. ಬಿಳಿಯಾಗಿದ್ದು ಹುಳಿಯೂ ಇದ್ದರೆ ಹಿಟ್ಟು ಮೀರಿದೆ. ಬಿಳಿಯಾಗಿದ್ದು ಹುಳಿ ಇಲ್ಲ, ತಳದಲ್ಲಿ ಅಂಟಿ ಕಿತ್ತ ಗುರುತಿದೆ ಎಂದರೆ ಕಾವಲಿ ತಣ್ಣಗಿತ್ತು. ಅರ್ಧ ಕೆಂಪು ಅರ್ಧ ಬಿಳಿ ಇದ್ದರೆ ನಿಮ್ಮ ದೋಸೆ ಕಾವಲಿಯ ಅಂಚಿನಲ್ಲಿ ಬಿದ್ದಿತ್ತು, ಬರ್ನರು ನಡುವಿಗಿರುತ್ತದೆ. ಇದು ಹೋಟೆಲಿನ ಗುಣಮಟ್ಟದ ಮಾತಲ್ಲ, ಇನ್ನೊಂದು ದಿನ ನಡುವಿನದು ಸಿಕ್ಕೀತು. ಬರುವಾಗಲೇ ಮೆತ್ತಗಿದ್ದರೆ ಒಂದರ ಮೇಲೊಂದು ಪೇರಿಸಿಟ್ಟ ದೋಸೆ ಅದು. ಗರಿಯಾಗಿ ಬಂದು ನಾಲ್ಕೈದು ನಿಮಿಷಕ್ಕೆ ನಡುಭಾಗ ಮೆತ್ತಗಾದರೆ ತಪ್ಪೇನಿಲ್ಲ, ಪಲ್ಯದ ಹಬೆಗೆ ಹಾಗಾಗಲೇಬೇಕು.

ಎರಡನೇ ತುತ್ತು ನಡುವಿನಿಂದ, ಕೆಂಪು ಚಟ್ನಿ ಸವರಿದ ಜಾಗದಿಂದ. ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಹುರಿಗಡಲೆ ಅರೆದ ಈ ಚಟ್ನಿ ನುಣ್ಣಗೆ ತೆಳುವಾಗಿ ಹರಡಿರಬೇಕು. ಒಂದೇ ಕಡೆ ಮುದ್ದೆ ಬಿದ್ದಿದ್ದರೆ ಆ ಭಾಗ ಹಸಿಯಾಗಿಯೇ ಉಳಿದಿರುತ್ತದೆ. ಮೂರನೆಯದು ಬರೀ ಪಲ್ಯ: ಬೆರಳಿಗೆ ಬಿಸಿ ತಾಗಬೇಕು. ಹೊರಗೆ ಬೆಚ್ಚಗೆ, ನಡುವೆ ತಣ್ಣಗೆ ಇದ್ದರೆ ಫ್ರಿಜ್ಜಿನಿಂದ ತೆಗೆದು ನೇರ ದೋಸೆಗಿಟ್ಟಿದ್ದಾರೆ. ಸಾಂಬಾರು ಕೊನೆಗೆ. ಅದರ ಹುಣಸೆ ಮತ್ತು ಬೆಲ್ಲ ದೋಸೆಯ ಎಲ್ಲ ದೋಷವನ್ನೂ ಮುಚ್ಚಬಲ್ಲವು.

ಹಿಟ್ಟಿನ ಬಗ್ಗೆ ಖಚಿತವಾಗಿ ಬರೆಯಬೇಕೆಂದಿದ್ದರೆ ಇಬ್ಬರು ಹೋಗಿ, ಒಂದು ಮಸಾಲೆ, ಒಂದು ಖಾಲಿ ದೋಸೆ ತಗೊಳ್ಳಿ. ಖಾಲಿ ದೋಸೆಗೆ ಮರೆಯಿಲ್ಲ.

ಚಟ್ನಿಗೆ ಐದು ನಿಮಿಷ ಕೊಡಿ. ಒಂದು ಚಮಚ ತಟ್ಟೆಯ ಒಣ ಜಾಗದಲ್ಲಿಟ್ಟು ಬಿಟ್ಟರೆ ನೀರು ಬೆರೆಸಿದ ಚಟ್ನಿಯ ಸುತ್ತ ತಿಳಿನೀರಿನ ಬಳೆ ಮೂಡುತ್ತದೆ. ಹುರಿಗಡಲೆ ಹೆಚ್ಚಾಗಿದ್ದರೆ ಬಳೆ ಮೂಡುವುದಿಲ್ಲ, ಆದರೆ ಬಾಯಲ್ಲಿ ಹಿಟ್ಟು ಹಿಟ್ಟು, ಕಾಯಿಯ ಸಿಹಿ ಇರುವುದಿಲ್ಲ. 2025ರಲ್ಲಿ ತೆಂಗಿನಕಾಯಿ ಬೆಲೆ ಏರಿದ ಮೇಲೆ ಬಹಳ ಕಡೆ ಕಾಯಿ ಇಳಿದು ಹುರಿಗಡಲೆ, ಕೊತ್ತಂಬರಿ ಏರಿದವು. ಕಾಯಿ ಚಟ್ನಿ ಬಿಸಿ ಅಡುಗೆಮನೆಯಲ್ಲಿ ಮೂರು ತಾಸಿಗೇ ತಿರುಗಲು ಶುರು. ಹುಳಿ ಚಟ್ನಿಯನ್ನು ಹುಳಿ ದೋಸೆ ಎಂದು ತಪ್ಪು ತಿಳಿಯುವುದು ಸಾಮಾನ್ಯ, ಅದಕ್ಕೇ ಮೊದಲ ತುತ್ತು ಬರಿದೇ ಇರಬೇಕು.

ಯಾವ ಅಳತೆಗೋಲು ಹಿಡಿದಿದ್ದೀರಿ ಎಂಬುದೂ ಮುಖ್ಯ. ಮೈಸೂರಿನ ಮೈಲಾರಿ ದೋಸೆ ಮೆತ್ತಗಿರಬೇಕು, ಅದೇ ಅದರ ಗುಣ. ದಾವಣಗೆರೆ ಬೆಣ್ಣೆ ದೋಸೆಗೆ ಮಂಡಕ್ಕಿ ಹಾಕಿ ರುಬ್ಬುತ್ತಾರೆ, ಪಲ್ಯಕ್ಕೆ ಅರಿಶಿನವಿಲ್ಲ. "ಪಲ್ಯ ಬಿಳಿ" ಎಂದು ಅಂಕ ಕಳೆಯುವುದು ಸಲ್ಲ. ಗಾಂಧಿಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನದ ದೋಸೆ ದಪ್ಪ, ಗಾಢ ಕಂದು, ತುಪ್ಪದ ಘಮ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಇಡ್ಲಿ–ವಡೆಗೆ ಚಟ್ನಿ ಮಾತ್ರ, ಸಾಂಬಾರು ಕೊಡುವ ಪದ್ಧತಿಯೇ ಇಲ್ಲ. ಒಂದರ ನಿಯಮದಿಂದ ಇನ್ನೊಂದನ್ನು ಅಳೆದರೆ ಬರೆದದ್ದು ಪ್ರಾಮಾಣಿಕವಾದರೂ ಓದುವವರಿಗೆ ದಾರಿ ತಪ್ಪುತ್ತದೆ.

ಪಾರ್ಸೆಲ್ ತರಿಸಿದವರ ದೂರು

ಮೂರನೆಯವರ "ಚರ್ಮ" ಸುಳ್ಳಲ್ಲ, ಆದರೆ ಅದು ದೋಸೆಯ ವಿಮರ್ಶೆಯಲ್ಲ. ಬಿಸಿ ದೋಸೆಯನ್ನು ಪಲ್ಯದ ಸಮೇತ ಮಡಿಸಿ, ಪ್ಲಾಸ್ಟಿಕ್ ಮೆತ್ತಿದ ಕಾಗದದಲ್ಲಿ ಸುತ್ತಿದರೆ ಹಬೆಗೆ ಹೊರದಾರಿ ಇಲ್ಲ. ಗರಿಯಾಗಿದ್ದ ಮೈ ಹಬೆಯ ನೀರು ಕುಡಿದು ಬಾಗುತ್ತದೆ. ಆಮೇಲೆ ತಣಿಯುತ್ತಾ ಅಕ್ಕಿಯ ಪಿಷ್ಟ ಮತ್ತೆ ಗಟ್ಟಿಯಾಗಿ ಎಳೆದರೆ ಹಿಗ್ಗುವ ಜಿಗುಟು ಬರುತ್ತದೆ. ಊರಿನ ಅತ್ಯುತ್ತಮ ದೋಸೆಗೂ 25 ನಿಮಿಷಕ್ಕೆ ಇದೇ ಗತಿ. "ಪಲ್ಯ ಬೇರೆ ಕಟ್ಟಿ, ದೋಸೆ ಮಡಿಸ್ಬೇಡಿ, ಬಾಯಿ ಸ್ವಲ್ಪ ತೆರೆದಿರಲಿ ಅಣ್ಣ" ಎಂದು ಕಟ್ಟುವವರಿಗೆ ಹೇಳಿದರೆ ಅರ್ಧ ಉಳಿಯುತ್ತದೆ. ಮನೆಯಲ್ಲಿ ಒಣ ಕಾವಲಿಯ ಮೇಲೆ, ಎಣ್ಣೆ ಇಲ್ಲದೆ, ಒಂದು ನಿಮಿಷ ಇಟ್ಟರೆ ಇನ್ನೊಂದಿಷ್ಟು. ಪಾರ್ಸೆಲಿಗೆ ಇಡ್ಲಿ, ಸೆಟ್ ದೋಸೆ ತಡೆಯುತ್ತವೆ. ಮಸಾಲೆ ದೋಸೆ ತಡೆಯುವುದಿಲ್ಲ. ಪಾರ್ಸೆಲಿನ ಅಭಿಪ್ರಾಯದಲ್ಲಿ ಬರೆಯಬೇಕಾದದ್ದು ಹೇಗೆ ಕಟ್ಟಿದರು, ಚಟ್ನಿ ಎಷ್ಟು ಕೊಟ್ಟರು, ಸೋರಿತೇ ಎಂಬುದು.

ರುಚಿಯ ಮಾತು ಬೇರೆ, ಆರೋಗ್ಯದ ಮಾತು ಬೇರೆ. ಹಳಸಿದ ವಾಸನೆ, ಹುಳು, ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ (2025ರ ಫೆಬ್ರುವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಹೋಟೆಲುಗಳಲ್ಲಿ ಹಿಡಿದದ್ದು ಇದನ್ನೇ) ಕಂಡರೆ ಅದು ಅಭಿಪ್ರಾಯವಾಗಿ ಉಳಿಯಬಾರದು. ಗಲ್ಲಾದ ಬಳಿ ತೂಗುಹಾಕಿರಬೇಕಾದ ಆಹಾರ ಸುರಕ್ಷತಾ (FSSAI) ಪರವಾನಗಿಯ 14 ಅಂಕಿಗಳ ಸಂಖ್ಯೆ ಗುರುತು ಹಾಕಿಕೊಂಡು, ಫೋಟೊ, ಬಿಲ್ಲಿನ ಸಮೇತ ಆಹಾರ ಸುರಕ್ಷತಾ ಇಲಾಖೆಗೆ ದೂರು ಕೊಡಬೇಕು.

ಮತ್ತೆ ಬರೆದ ಅಭಿಪ್ರಾಯ

ಎರಡನೆಯವರ ಮಾತನ್ನೇ ಹೊತ್ತು, ಕಾರಣ ಸೇರಿಸಿ ಬರೆದರೆ ಹೀಗಾಗುತ್ತದೆ: "ಭಾನುವಾರ, ಮೇ ತಿಂಗಳು, 11.15. ಟೋಕನ್ ಆದ ಮೇಲೆ 18 ನಿಮಿಷ ಕಾದೆವು. ಮಸಾಲೆ ದೋಸೆ 70 ರೂ. ಅಂಚು ಬಿಳಿ, ಬರಿದೇ ತಿಂದಾಗ ಸ್ಪಷ್ಟ ಹುಳಿ, ತೂತಿಲ್ಲ. ಕೆಂಪು ಚಟ್ನಿ ಚೆನ್ನಾಗಿತ್ತು, ಸಮವಾಗಿ ಸವರಿದ್ದರು. ಪಲ್ಯ ನಡುವೆ ತಣ್ಣಗೆ. ಕಾಯಿ ಚಟ್ನಿ ನೀರು ಬಿಟ್ಟಿತು. ಸಾಂಬಾರು ಬಿಸಿ. ಕೇಳಿದಾಗ ಎರಡನೇ ಕೊಳಗದ ಹಿಟ್ಟು ಎಂದರು. ಬೇಗ ಹೋಗುವವರು ಹೋಗಬಹುದು, ತಡವಾಗಿ ಹೋದರೆ ಇಡ್ಲಿ ತಗೊಳ್ಳಿ." ಇದರಲ್ಲಿ ಬೈಗುಳವಿಲ್ಲ, ಆದರೆ ಮೊದಲಿನದಕ್ಕಿಂತ ಇದೇ ಹೆಚ್ಚು ಕಟ್ಟುನಿಟ್ಟು. ಓದುವವರಿಗೆ ಯಾವಾಗ ಹೋಗಬೇಕೆಂದು ಗೊತ್ತಾಗುತ್ತದೆ, ಮಾಲೀಕರಿಗೆ ಎಲ್ಲಿ ಕೈ ಹಾಕಬೇಕೆಂದು. ಎದುರು ಹೋಟೆಲಿನವರು ಬರೆಸಿದ್ದು ಎನ್ನಲು ದಾರಿಯೇ ಉಳಿಯುವುದಿಲ್ಲ.

ಒಂದೇ ಸಲ ಹೋಗಿದ್ದರೆ ಒಂದೇ ಸಲ ಎಂದು ಬರೆಯಿರಿ. "ಇಲ್ಲಿ ದೋಸೆ ಚೆನ್ನಾಗಿರಲ್ಲ" ಎನ್ನಲು ಬೇರೆ ಬೇರೆ ಹೊತ್ತಿನ ಮೂರು ಭೇಟಿಯಾದರೂ ಬೇಕು. ಹೋಟೆಲಿನವರು ಗುರುತಿನವರಾಗಿ ದುಡ್ಡು ತಗೊಳ್ಳಲಿಲ್ಲ ಎಂದಾದರೆ ಅದನ್ನೂ ಹೇಳಬೇಕು, ಇಲ್ಲವೇ ಬರೆಯಲೇಬಾರದು. ಗುರುತಿನವರಿಗೆ ಭಟ್ಟರು ನಡುಗಾವಲಿಯ ದೋಸೆಯನ್ನೇ ಎತ್ತಿ ಕೊಡುತ್ತಾರೆ.

ಹೋಟೆಲಿನಲ್ಲಿ ಬದಲಾದದ್ದು

ಪರಿಹಾರಕ್ಕೆ ಹೊಸ ಯಂತ್ರ ಬೇಕಾಗಲಿಲ್ಲ. ಪಲ್ಯವನ್ನು ರಾತ್ರಿ ಮಾಡುವುದು ಬಿಟ್ಟರು. ರಾತ್ರಿ ಆಲೂಗೆಡ್ಡೆ ಬೇಯಿಸಿ ಹೊರಗೆ ಆರಲು ಹರಡಿ, ಬೆಳಗ್ಗೆ ಐದೂವರೆಗೊಮ್ಮೆ, ಒಂಬತ್ತಕ್ಕೊಮ್ಮೆ ಒಗ್ಗರಣೆ. ಇದರಿಂದ ಫ್ರಿಜ್ಜಿನಲ್ಲಿ ಒಂದು ಖಾನೆ ಖಾಲಿಯಾಯಿತು. ಬೆಳಗಿನ ಜಾವ ನಾಲ್ಕಕ್ಕೆ ಬರುವ ಕೆಲಸದವರು ಎರಡನೇ ಕೊಳಗದ ಹಿಟ್ಟನ್ನು ಎರಡು ಅಗಲ ಪಾತ್ರೆಗೆ ಸುರಿದು ಆ ಖಾನೆಯಲ್ಲಿಡುತ್ತಾರೆ. ಕೊಳಗವನ್ನು ಹಾಗೇ ಇಟ್ಟರೆ ನಡುವಿನ ಹಿಟ್ಟು ತಣಿಯಲು ತಾಸುಗಟ್ಟಲೆ ಬೇಕು, ಅಷ್ಟರಲ್ಲಿ ಹುಳಿ ಏರಿಯೇ ಇರುತ್ತದೆ. ಮೊದಲ ವಾರ ಇದರಲ್ಲೂ ಎಡವಿದರು: ತಣ್ಣನೆಯ ಹಿಟ್ಟನ್ನು ನೇರ ಕಾವಲಿಗೆ ಹುಯ್ದು ನಡು ದಪ್ಪ, ಅಂಚು ಹರಿದ ದೋಸೆಗಳು ಎದ್ದವು. ಈಗ ಮುಕ್ಕಾಲು ಗಂಟೆ ಮುಂಚೆ ಒಂದೊಂದೇ ಪಾತ್ರೆ ಹೊರಗೆ ಬರುತ್ತದೆ. ಕಾವಲಿಗೆ ಪ್ರತ್ಯೇಕವಾಗಿ ಒಂದು ಸಿಲಿಂಡರ್ ಹೆಚ್ಚಿಸಿದರು. ಸುತ್ತಿಗೆ ಹನ್ನೆರಡರ ಬದಲು ಒಂಬತ್ತು ದೋಸೆ, ಮೂಲೆಗಳು ಖಾಲಿ. ಸುತ್ತು ಬೇಗ ಮುಗಿಯುವುದರಿಂದ ಗಿರಾಕಿ ಕಾಯುವ ಹೊತ್ತು ಹೆಚ್ಚಿಲ್ಲ.

ಇಷ್ಟಾದ ಮೇಲೆ ಹನ್ನೊಂದೂಕಾಲಿನ ದೋಸೆ ಏಳೂವರೆಯದಕ್ಕೆ ಪೂರ್ತಿ ಸಮ ಬಂದಿಲ್ಲ, ಗರಿ ಒಂದು ಕೈ ಕಡಿಮೆಯೇ. ಬಣ್ಣ ಬಂದಿದೆ, ಹುಳಿ ಹೋಗಿದೆ. ಕಾಯಿ ಚಟ್ನಿ ಮಾತ್ರ ಇನ್ನೂ ಬೆಳಗ್ಗೆ ಆರಕ್ಕೆ ಒಂದೇ ಸಲ ರುಬ್ಬುವುದು. ಹತ್ತೂವರೆಯಾದ ಮೇಲೆ ಅದಕ್ಕೆ ನೀರು ಸೇರುತ್ತಲೇ ಇದೆ, ತಟ್ಟೆಯಲ್ಲಿ ಬಳೆ ಮೂಡುತ್ತಲೇ ಇದೆ. ಮುಂದಿನ ಅಭಿಪ್ರಾಯದಲ್ಲಿ ಅದನ್ನು ಗಂಟೆ ಸಮೇತ ಬರೆಯಬೇಕು.